ಶಿಫಾರಸಿನ ಹೊಣೆ



ಸರ್ಕಾರಿ ಕಚೇರಿಯಲ್ಲಿ ಮೂರು ದಶಕಗಳನ್ನು ಕಳೆದವನಿಗೆ ‘ಶಿಫಾರಸು’ ಎಂಬ ಶಬ್ದ ಕಿವಿಗೆ ಬಿದ್ದೊಡನೆ ಮನಸ್ಸು ಎಚ್ಚೆತ್ತುಕೊಳ್ಳುತ್ತದೆ. ಯಾರದೋ ಚೀಟಿ ಹಿಡಿದು ಬಂದವನನ್ನು ಕುರ್ಚಿ ತೋರಿಸುವ ಮೊದಲೇ ಅನುಮಾನದಿಂದ ನೋಡುವುದು ನಮ್ಮ ವೃತ್ತಿಯ ಅಭ್ಯಾಸ. ಆದರೆ ಇದೇ ಶಬ್ದಕ್ಕೆ ಇನ್ನೊಂದು ಮುಖವಿದೆ. ತಾನು ಓದಿ ಮೆಚ್ಚಿದ್ದನ್ನು, ನೋಡಿ ಕಣ್ಣೀರು ಹಾಕಿದ್ದನ್ನು, ಕೇಳಿ ಮೈಮರೆತದ್ದನ್ನು ಮತ್ತೊಬ್ಬನ ಕೈಗಿತ್ತು ‘ಇದನ್ನು ನೀವು ಬಿಡಬಾರದು’ ಎಂದು ಹೇಳುವ ಶಿಫಾರಸು ಅದು. ಈ ಸಂಚಿಕೆಯ ಸಂಪಾದಕೀಯ ಆ ಎರಡನೆಯ ಮುಖವನ್ನು ಕುರಿತದ್ದು. ಅದಕ್ಕೊಂದು ಕಾರಣವೂ ಇದೆ. ಕಾರ್ಯಕಾರಿ ಸಮಿತಿಯ ನಿರ್ಣಯವೊಂದಕ್ಕೆ ನಾನು ಸಭೆಯಲ್ಲಿಯೇ ಭಿನ್ನಮತ ದಾಖಲಿಸಿದ್ದೇನೆ. ಅದರ ವಿವರ ಸದಸ್ಯರಿಗೆ ತಿಳಿಯಬೇಕಾದದ್ದು ನ್ಯಾಯ.

ಕಳೆದ ಕರ್ಕಾಟಕ ಮಾಸದ ಒಂದು ಭಾನುವಾರ, ಹೊರಗೆ ಮಳೆ ಸುರಿಯುತ್ತಿರುವಾಗ, ತ್ರಿಪ್ಪುಣಿತ್ತುರದ ಸದಸ್ಯರೊಬ್ಬರ ಮನೆಯ ಚಾವಡಿಯಲ್ಲಿ ಸಮಿತಿ ಸೇರಿತ್ತು. ಮುಂದಿದ್ದ ವಿಷಯಗಳು ಎರಡು. ಮೊದಲನೆಯದು, ರಾಜ್ಯೋತ್ಸವದ ಸಂದರ್ಭದಲ್ಲಿ ‘ಕನ್ನಡಿಗರು ಓದಲೇಬೇಕಾದ ನೂರು ಕೃತಿಗಳು’ ಎಂಬ ಪಟ್ಟಿಯನ್ನು ಹೊಳಪು ಕಾಗದದ ಮೇಲೆ ಅಚ್ಚು ಹಾಕಿಸಿ ಮನೆಮನೆಗೆ ಹಂಚುವುದು. ಎರಡನೆಯದು, ಸಂಘದ ಪುಸ್ತಕಗಳಿರುವ ಎರಡು ಕಬ್ಬಿಣದ ಬೀರುಗಳನ್ನು ಬಾಡಿಗೆಯ ಕೊಠಡಿಯಿಂದ ತೆರವುಗೊಳಿಸುವುದು. ಪುಸ್ತಕಗಳಿಗೆ ಬೇರೆ ಜಾಗ ಸಿಗದಿದ್ದರೆ ‘ಯಾರಿಗಾದರೂ ಕೊಟ್ಟುಬಿಡುವುದು’ ಎಂದು ಕಾರ್ಯಸೂಚಿಯಲ್ಲಿ ಬರೆದಿತ್ತು. ಯಾರಿಗಾದರೂ ಎಂದರೆ ಕೊನೆಗೆ ತೂಕದ ಅಂಗಡಿಯವನಿಗೆ ಎಂಬುದು ಎಲ್ಲರಿಗೂ ಗೊತ್ತಿದ್ದ ಮಾತು. ಎರಡು ವಿಷಯಗಳೂ ಒಂದೇ ಹಾಳೆಯ ಮೇಲೆ ಒಂದರ ಕೆಳಗೊಂದು ಇದ್ದುವೆಂಬುದು ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ. ಚಹಾ ಬರುವವರೆಗೆ ನನಗೂ ಕಾಣಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ.

ಆಮೇಲೆ ಒಂದು ಪ್ರಶ್ನೆ ಕೇಳಿದೆ: ಈ ನೂರರಲ್ಲಿ ಇಲ್ಲಿ ಕುಳಿತ ನಾವು ಹನ್ನೊಂದು ಮಂದಿ ಎಷ್ಟನ್ನು ಓದಿದ್ದೇವೆ? ಪ್ರಾಮಾಣಿಕವಾಗಿ ಎಣಿಸಿದಾಗ ನನ್ನ ಲೆಕ್ಕ ಮೂವತ್ತನಾಲ್ಕಕ್ಕೆ ನಿಂತಿತು. ಉಳಿದವರ ಲೆಕ್ಕವನ್ನು ಇಲ್ಲಿ ಬರೆಯುವುದು ಸೌಜನ್ಯವಲ್ಲ. ಓದದ ಪುಸ್ತಕವನ್ನು ಇತರರಿಗೆ ಶಿಫಾರಸು ಮಾಡುವುದು, ಕಂಡರಿಯದವನಿಗೆ ಸನ್ನಡತೆಯ ಪ್ರಮಾಣಪತ್ರ ಕೊಟ್ಟಂತೆ. ಕಚೇರಿಯಲ್ಲಾದರೆ ಅದಕ್ಕೆ ವಿವರಣೆ ಕೇಳುವ ಮೆಮೊ ಬರುತ್ತದೆ.

ಪಟ್ಟಿಯ ಮೇಲೆ ನನಗೆ ಇಷ್ಟು ಕೋಪವೇಕೆಂದು ಕೇಳಬಹುದು. ಅದು ಅನುಭವದಿಂದ ಬಂದದ್ದು. 2025ರ ಮೇ ತಿಂಗಳಿನಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ನ ಮೂಲಕ, ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತಲ್ಲ, ಆ ವಾರ ನನ್ನ ಸಹೋದ್ಯೋಗಿಯೊಬ್ಬರು ಊಟದ ಬಿಡುವಿನಲ್ಲಿ ಬಳಿ ಬಂದರು. ಮಲಯಾಳಿ; ಪಿಂಚಣಿ ಕಡತಗಳನ್ನು ನೋಡುವ ವಿಭಾಗದವರು; ಊಟದ ಡಬ್ಬಿಯ ಜೊತೆ ಯಾವಾಗಲೂ ಒಂದು ಪುಸ್ತಕ ತರುವವರು. “ಸಾರ್, ಕನ್ನಡದಿಂದ ನಾನು ಇನ್ನೇನು ಓದಬೇಕು?” ಎಂದರು. ಇಪ್ಪತ್ತೆಂಟು ವರ್ಷಗಳ ಕೇರಳವಾಸದಲ್ಲಿ ನನ್ನನ್ನು ಯಾರೂ ಇಷ್ಟು ನೇರವಾಗಿ ಈ ಪ್ರಶ್ನೆ ಕೇಳಿರಲಿಲ್ಲ. ನಾನು ಮಾಡಿದ್ದೇನು? ಎಂಟು ಜ್ಞಾನಪೀಠಗಳನ್ನು ಒಪ್ಪಿಸಿದೆ. ಕುವೆಂಪು, ಬೇಂದ್ರೆ, ಕಾರಂತ, ಮಾಸ್ತಿ, ಗೋಕಾಕ, ಅನಂತಮೂರ್ತಿ, ಕಾರ್ನಾಡ, ಕಂಬಾರ ಎಂದು ಬೆರಳು ಮಡಿಸಿ ಮಡಿಸಿ ಹೇಳಿದೆ. ಅವರು ವಿನಯದಿಂದ ಕೇಳಿಸಿಕೊಂಡರು. ತಮ್ಮ ಭಾಷೆಗೆ ಆರು ಬಂದಿವೆಯೆಂದಾಗಲಿ, ಆ ಪ್ರಶಸ್ತಿಯ ಮೊದಲ ವರ್ಷ 1965ರಲ್ಲೇ ಅದು ಜಿ. ಶಂಕರ ಕುರುಪ್ ಅವರಿಗೆ ಸಂದಿತ್ತೆಂದಾಗಲಿ ತಿರುಗಿ ಹೇಳಲಿಲ್ಲ. ಕೊನೆಗೆ, “ಅದು ಸರಿ ಸಾರ್, ಓದಬೇಕಾದದ್ದು ಯಾವುದು?” ಎಂದು ಮತ್ತೆ ಕೇಳಿದರು.

ಆಗಲೂ ನನಗೆ ಬುದ್ಧಿ ಬರಲಿಲ್ಲ. ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಇಂಗ್ಲಿಷ್ ಅನುವಾದವನ್ನು ತರಿಸಿಕೊಟ್ಟೆ. ಕನ್ನಡದ ಹಿರಿಮೆಯನ್ನು ಅವರಿಗೆ ಮನದಟ್ಟು ಮಾಡಿಸಬೇಕೆಂಬುದೇ ನನ್ನ ಉದ್ದೇಶವಾಗಿತ್ತು. ಅವರ ಅಭಿರುಚಿ ಏನು, ಅವರಿಗೆ ಇರುವ ಬಿಡುವೆಷ್ಟು ಎಂದು ಯೋಚಿಸಿರಲಿಲ್ಲ. ಎರಡು ತಿಂಗಳ ನಂತರ ಪುಸ್ತಕ ಮರಳಿ ಬಂತು. ಅರವತ್ತನೆಯ ಪುಟದ ಹತ್ತಿರ ಬಸ್ಸಿನ ಚೀಟಿಯೊಂದು ಗುರುತಾಗಿ ನಿಂತಿತ್ತು. ಆ ಮಹಾಕೃತಿಗೆ ಇದರಿಂದ ಕುಂದೇನೂ ಇಲ್ಲ. ತಪ್ಪು ಶಿಫಾರಸು ಮಾಡಿದವನದು. ಆ ಕಾದಂಬರಿಯ ಕಾಡನ್ನು ಹೊಗುವ ಮೊದಲು ಓದುಗನಿಗೆ ಮಲೆನಾಡಿನ ಮಣ್ಣು ಸ್ವಲ್ಪವಾದರೂ ಕಾಲಿಗೆ ಅಂಟಿರಬೇಕು.

ನನಗೆ ನಾಚಿಕೆಯಾಯಿತು. ಒಂದು ದಿನ ಪುಸ್ತಕದ ಮಾತನ್ನೇ ಬಿಟ್ಟು ಅವರಿಗೆ ತಬರನ ಕಥೆ ಹೇಳಿದೆ. ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು 1986ರಲ್ಲಿ ತೆಗೆದ ‘ತಬರನ ಕಥೆ’, ಜೀವಮಾನವಿಡೀ ಸರ್ಕಾರದ ಚಾಕರಿ ಮಾಡಿದ ಬಡ ನೌಕರನೊಬ್ಬ ತನ್ನ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಕಥೆ. ಮನೆಯಲ್ಲಿ ಹೆಂಡತಿಯ ಕಾಲು ಸಕ್ಕರೆ ರೋಗದಿಂದ ಕೊಳೆಯುತ್ತಿದೆ. ಇಲ್ಲಿ ಕಡತ ಮೇಜಿನಿಂದ ಮೇಜಿಗೆ ಹೋಗುತ್ತಿದೆ. ತಬರನಾಗಿ ನಟಿಸಿದ ಚಾರುಹಾಸನ್ ತಮಿಳುನಾಡಿನವರು. ಚಿತ್ರಕ್ಕೆ ಸ್ವರ್ಣಕಮಲವೂ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿಯೂ ಬಂದುವು. ಈ ಸಲ ಪ್ರಶಸ್ತಿಗಳ ಸುದ್ದಿಯನ್ನು ನಾನು ಎತ್ತಲಿಲ್ಲ. ಸೇವೆಗೆ ಸೇರಿದ ಹೊಸದರಲ್ಲಿ ಆ ಚಿತ್ರ ನೋಡಿದ ಮೇಲೆ ನನ್ನ ಮೇಜಿನ ಮೇಲಿದ್ದ ಕಡತಗಳನ್ನು ಒಂದು ವಾರ ನೇರವಾಗಿ ನೋಡಲಾರದೆ ಹೋದದ್ದನ್ನು ಮಾತ್ರ ಹೇಳಿದೆ. ಅವರು ಚಿತ್ರವನ್ನು ಹುಡುಕಿ, ಅಡಿಬರಹಗಳ ಸಹಾಯದಿಂದ, ಪತ್ನಿಯೊಡನೆ ಕುಳಿತು ನೋಡಿದರಂತೆ. ಮರುದಿನ ಊಟಕ್ಕೆ ಬರಲಿಲ್ಲ. ಅವರ ಮೇಜಿನ ಮೇಲೆ ತುಂಬ ದಿನಗಳಿಂದ ಮಲಗಿದ್ದ ಒಂದು ಕುಟುಂಬ ಪಿಂಚಣಿಯ ಕಡತ ಆ ವಾರ ಸಹಿಯಾಗಿ ಮುಂದೆ ಹೋಯಿತು. ಅದು ಚಿತ್ರದ ಪರಿಣಾಮವೆಂದು ನಾನು ಸಾಧಿಸಲಾರೆ. ಬೇಕಾಗಿದ್ದ ಕಾಗದವೊಂದು ಅಂದೇ ಬಂದಿದ್ದಿರಲೂ ಬಹುದು.

ಪ್ರತಿಯಾಗಿ ಅವರು ನನಗೊಂದು ಚಿತ್ರವನ್ನು ಹೇಳಿದರು. ಹೊರನಾಡಿನಲ್ಲಿ ನೆಲೆಸಿದ ನಮ್ಮೆಲ್ಲರಿಗೂ ಅದು ಸಂಬಂಧಪಟ್ಟದ್ದಾದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಅಡೂರ್ ಗೋಪಾಲಕೃಷ್ಣನ್ ಅವರ 1993ರ ‘ವಿಧೇಯನ್’. ಪಾಲ್ ಝಕರಿಯಾ ಅವರ ನೀಳ್ಗತೆಯೊಂದು ಅದಕ್ಕೆ ಆಧಾರ. ಕಥೆ ನಡೆಯುವುದು ನಮ್ಮ ದಕ್ಷಿಣ ಕನ್ನಡದಲ್ಲಿ. ಕೇರಳದಿಂದ ಹೊಟ್ಟೆಪಾಡಿಗಾಗಿ ವಲಸೆ ಬಂದ ತೊಮ್ಮಿ ಎಂಬ ಕ್ರೈಸ್ತ ಕೂಲಿಯವನು ಭಾಸ್ಕರ ಪಟೇಲನೆಂಬ ಕ್ರೂರ ಜಮೀನ್ದಾರನ ನಾಯಿಯಂತಾಗಿಬಿಡುವ ಕಥೆ. ಪಟೇಲನಾಗಿ ಮಮ್ಮುಟ್ಟಿ. ಮಲಯಾಳದ ನಡುವೆ ಕನ್ನಡದ ಮಾತುಗಳೂ ಕೇಳಿಬರುತ್ತವೆ.

ನಾನು ಸುಳ್ಯದ ಕಡೆಯವನು. ಘಟ್ಟದ ಸೆರಗಿನ ನಮ್ಮ ಊರುಗಳಿಗೆ ತಿರುವಾಂಕೂರಿನಿಂದ ಬಂದು ಕಾಡು ಕಡಿದು ರಬ್ಬರು, ಮರಗೆಣಸು ಬೆಳೆದ ಕುಟುಂಬಗಳನ್ನು ಬಾಲ್ಯದಿಂದ ಕಂಡವನು. ಜಗಲಿಯಲ್ಲಿ ಕುಳಿತ ಹಿರಿಯರು ಅವರ ಬಗ್ಗೆ ಆಡುತ್ತಿದ್ದ ಮಾತುಗಳು ನೆನಪಿವೆ; ಅವರ ಭಾಷೆಯನ್ನು ಅಣಕಿಸಿ ನಾವು ಹುಡುಗರು ನಕ್ಕದ್ದೂ ನೆನಪಿದೆ. ಚಿತ್ರದಲ್ಲಿ ಪಟೇಲನ ಬಾಯಿಂದ ಕನ್ನಡ ಹೊರಟಾಗ, ಬಂದವನ ಕಿವಿಗೆ ನನ್ನ ತಾಯ್ನುಡಿ ಹೇಗೆ ಕೇಳಿಸಿದ್ದಿರಬಹುದೆಂದು ಮೊದಲ ಸಲ ಯೋಚಿಸಿದೆ. ಈಗ ಅದೇ ತಿರುವಾಂಕೂರು ಕೊಚ್ಚಿಗಳ ನೆಲದಲ್ಲಿ ನಾನು ಹೊರಗಿನವನು. ಮನೆ ಬಾಡಿಗೆಗೆ ಹಿಡಿಯಲು ಹೋದಾಗ ನನ್ನ ಮಲಯಾಳದ ಉಚ್ಚಾರಕ್ಕೆ ಮನೆಯೊಡತಿ ಮುಗುಳ್ನಕ್ಕದ್ದುಂಟು, ಆದರೆ ಯಾರೂ ಅಣಕಿಸಿದ್ದಿಲ್ಲ.

ಈ ಚಿತ್ರವನ್ನು ಸಂಘದ ಸದಸ್ಯರಿಗೆ ನೋಡಲು ಹೇಳಿದಾಗ ಇಬ್ಬರು ಹಿರಿಯರು ಮುನಿಸಿಕೊಂಡರು. ಕನ್ನಡದವನನ್ನು ರಾಕ್ಷಸನನ್ನಾಗಿ ಮಾಡಿದ ಚಿತ್ರವನ್ನು ಕನ್ನಡ ಸಂಘದ ಪತ್ರಿಕೆಯ ಸಂಪಾದಕನೇ ಹೊಗಳುವುದೇ ಎಂಬುದು ಅವರ ಆಕ್ಷೇಪ. ಅವರ ನೋವು ನನಗೆ ಅರ್ಥವಾಗುತ್ತದೆ, ವಾದ ಒಪ್ಪಿಗೆಯಾಗುವುದಿಲ್ಲ. ‘ಸಂಸ್ಕಾರ’ವನ್ನೂ ‘ಘಟಶ್ರಾದ್ಧ’ವನ್ನೂ ನಮ್ಮವರೇ ಬರೆದು, ನಮ್ಮವರೇ ಚಿತ್ರ ಮಾಡಿ, ನಮ್ಮ ಅಗ್ರಹಾರಗಳ ಒಳಗನ್ನು ಬಿಚ್ಚಿ ತೋರಿಸಿದಾಗ ನಾವು ಹೆಮ್ಮೆಪಟ್ಟವರು. ನೆರೆಯವನು ನಮ್ಮ ಪಟೇಲನನ್ನು ತೋರಿಸಿದರೆ ಮಾತ್ರ ಸಿಟ್ಟಾಗುವುದೇಕೆ?

ಇನ್ನು ನನ್ನ ಮನೆಯೊಳಗಿನ ಮಾತು. ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಹತ್ತು ಹನ್ನೆರಡು ವರ್ಷಗಳ ಹಿಂದೆ, ಮಗಳು ಒಂಬತ್ತನೆಯ ತರಗತಿಯಲ್ಲಿದ್ದಳು. ಕೇರಳದಲ್ಲಿ ಜೂನ್ 19ನ್ನು ವಾಚನ ದಿನವೆಂದು ಆಚರಿಸುತ್ತಾರೆ. ಊರೂರಿಗೆ ಗ್ರಂಥಾಲಯ ಕಟ್ಟಿಸಿದ ಪಿ.ಎನ್. ಪಣಿಕ್ಕರ್ ಅವರು 1995ರಲ್ಲಿ ತೀರಿಕೊಂಡ ದಿನವದು. ಆ ವಾರ ಅವಳ ಗೆಳತಿಯ ಅಜ್ಜ, ವಾಚನಾಲಯವೊಂದರಲ್ಲಿ ಸಂಬಳವಿಲ್ಲದೆ ಪುಸ್ತಕ ಕೊಡುತ್ತಿದ್ದ ವೃದ್ಧರು, ಅವಳ ಕೈಗೊಂದು ಮಲಯಾಳ ಪುಸ್ತಕವನ್ನಿತ್ತು, ಓದಿ ಬಂದು ತನಗೆ ಕಥೆ ಹೇಳಬೇಕೆಂದು ಕರಾರು ಹಾಕಿದರಂತೆ. ಮೂರನೆಯ ದಿನ ರಾತ್ರಿ ಅವಳು ನನ್ನ ಬಳಿ ಬಂದು ಕೇಳಿದಳು: “ಅಪ್ಪ, ಈ ಚಿರಸ್ಮರಣ ಬರೆದವರು ಕನ್ನಡದವರಂತೆ, ನಿಮಗೆ ಗೊತ್ತಿತ್ತಾ?”

ಗೊತ್ತಿತ್ತು. ನಿರಂಜನರ ‘ಚಿರಸ್ಮರಣೆ’ ನನ್ನ ಕಪಾಟಿನಲ್ಲಿಯೇ ಇತ್ತು; ಎಂ.ಎ. ಓದುವಾಗ ಮಂಗಳೂರಿನಲ್ಲಿ ಕೊಂಡ ಪ್ರತಿ. ಕುಳಕುಂದ ಶಿವರಾಯರೆಂಬ ನಿಜನಾಮದ ಆ ಲೇಖಕರು ಸುಬ್ರಹ್ಮಣ್ಯದ ಮಗ್ಗುಲಿನವರು, ಎಂದರೆ ನಮ್ಮ ಸೀಮೆಯವರೇ. ಹುಡುಗನಾಗಿದ್ದಾಗ ನೀಲೇಶ್ವರದಲ್ಲಿ ಶಾಲೆಗೆ ಹೋದವರು. ಹತ್ತಿರದ ಕಯ್ಯೂರಿನಲ್ಲಿ 1941ರಲ್ಲಿ ರೈತರ ಹೋರಾಟದ ನಡುವೆ ಪೊಲೀಸನೊಬ್ಬನ ಸಾವಾಗಿ, ನಾಲ್ವರು ರೈತ ತರುಣರನ್ನು 1943ರ ಮಾರ್ಚ್ 29ರಂದು ಕಣ್ಣೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ಐದನೆಯವನು ಪ್ರಾಯಕ್ಕೆ ಬಂದಿರಲಿಲ್ಲವೆಂಬ ಕಾರಣದಿಂದ ಉಳಿದುಕೊಂಡ. ಕಯ್ಯೂರು ಆಗ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ನಿರಂಜನರು 1955ರಲ್ಲಿ ಅದನ್ನು ಕನ್ನಡದಲ್ಲಿ ಕಾದಂಬರಿಯಾಗಿ ಬರೆದರು. ಮರುವರ್ಷ ನವೆಂಬರ್ ಒಂದರಂದು ಕಾಸರಗೋಡು ಕೇರಳಕ್ಕೆ ಸೇರಿತು. ಗಡಿಯ ಬಗೆಗೆ ಎಷ್ಟು ಠರಾವುಗಳು ಬರಲಿಲ್ಲ! ಈ ಕಾದಂಬರಿಯಾದರೋ ಗಡಿಯ ಎರಡೂ ಕಡೆ ಓಡಾಡಿತು. ಮಲಯಾಳಕ್ಕೆ ಅನುವಾದವಾಗಿ ಕೇರಳದ ಮನೆಮಾತಾಯಿತು. ಕಯ್ಯೂರಿನ ಅದೇ ಘಟನೆಯನ್ನು ಲೆನಿನ್ ರಾಜೇಂದ್ರನ್ ಅವರು 1986ರಲ್ಲಿ ‘ಮೀನಮಾಸತ್ತಿಲೆ ಸೂರ್ಯನ್’ ಎಂಬ ಚಿತ್ರ ಮಾಡಿದರು.

ಇಷ್ಟೆಲ್ಲ ತಿಳಿದಿದ್ದ ನಾನು ಹದಿನಾಲ್ಕು ವರ್ಷ ಆ ಪುಸ್ತಕವನ್ನು ಮಗಳ ಮುಂದೆ ಇಟ್ಟಿರಲಿಲ್ಲ. ಅವಳಿಗೆ ಕನ್ನಡ ಮಾತಾಡಲು ಬರುತ್ತದೆ, ಲಿಪಿ ಬಾರದು; ಬಾರದವಳಿಗೆ ಯಾವ ಪುಸ್ತಕವೆಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ. ಕನ್ನಡದ ಅತ್ಯುತ್ತಮ ಕಾದಂಬರಿಗಳಲ್ಲೊಂದನ್ನು ನನ್ನ ಮಗಳಿಗೆ ಶಿಫಾರಸು ಮಾಡಿದವರು ಕನ್ನಡದ ಒಂದಕ್ಷರವನ್ನೂ ಅರಿಯದ ಮಲಯಾಳಿ ಅಜ್ಜ. ಅಂದಿನಿಂದ ರಾತ್ರಿ ಊಟದ ಬಳಿಕ ನಾನು ಕನ್ನಡದ್ದನ್ನು ಗಟ್ಟಿಯಾಗಿ ಓದುವುದು, ಅವಳು ಮಲಯಾಳದ್ದನ್ನು ಮಡಿಲಲ್ಲಿಟ್ಟುಕೊಂಡು ಕೇಳುವುದು ನಡೆಯಿತು. ಅಪ್ಪು, ಚಿರುಕಂಡರು ಎರಡೂ ಭಾಷೆಗಳಲ್ಲಿ ಒಟ್ಟಿಗೇ ನಮ್ಮ ಮನೆಗೆ ಬಂದರು. ಕೊನೆಯ ಅಧ್ಯಾಯ ಓದುವಾಗ ನನ್ನ ಧ್ವನಿ ನಡುಗಿ, ಅವಳು ತನ್ನ ಪುಸ್ತಕದಿಂದ ಮುಂದುವರಿಸಿದಳು. ಲಿಪಿಯನ್ನು ಅವಳು ಮುಂದೆ ತಾನಾಗಿಯೇ ಕಲಿತಳೆಂದು ಬರೆಯಲು ಆಸೆಯಿದೆ. ಆದರೆ ಕಲಿತದ್ದು ಅರ್ಧ ಮಾತ್ರ. ಒತ್ತಕ್ಷರಗಳಲ್ಲಿ ಈಗಲೂ ಎಡವುತ್ತಾಳೆ.

ಸಂಗೀತದ ಮಾತನ್ನೂ ಸೇರಿಸಬೇಕು. ತ್ರಿಪ್ಪುಣಿತ್ತುರದಲ್ಲಿರುವವರಿಗೆ ಅದನ್ನು ಬಿಟ್ಟು ಮಾತಾಡಲು ಸಾಧ್ಯವೇ? ವೃಶ್ಚಿಕ ಮಾಸದಲ್ಲಿ ಪೂರ್ಣತ್ರಯೀಶನ ಉತ್ಸವದ ಎಂಟು ದಿನವೂ ಊರು ನಿದ್ದೆ ಮಾಡುವುದಿಲ್ಲ. ಯೇಸುದಾಸರು ಕಲಿತ ಆರ್.ಎಲ್.ವಿ. ಸಂಗೀತ ಕಾಲೇಜು ಇಲ್ಲೇ ಇದೆ. ನಮ್ಮ ಬೀದಿಯಲ್ಲಿ ಟೀಚರ್ ಒಬ್ಬರು ಬೆಳಗ್ಗೆ ಮಕ್ಕಳಿಗೆ ಪಾಠ ಹೇಳುತ್ತಾರೆ. ಸರಳೆ, ಅಲಂಕಾರ ಮುಗಿದು ಮಲಹರಿಯ ಪಿಳ್ಳಾರಿ ಗೀತೆಗಳು ಮೊದಲಾದಾಗ ಗೇಟಿನ ಬಳಿ ನಿಂತು ಕೇಳುತ್ತೇನೆ. ಅವುಗಳಲ್ಲೊಂದು ಅಚ್ಚಗನ್ನಡದ್ದು. ಮಕ್ಕಳು ಅದನ್ನು ಸಂಸ್ಕೃತವೆಂದು ತಿಳಿದು ಹಾಡುತ್ತವೆ. ಒಂದು ದಿನ ಟೀಚರಿಗೆ, ಅದು ಪುರಂದರದಾಸರ ಕನ್ನಡವೆಂದೂ, ಕೆರೆಯಿಂದ ಮೊಗೆದ ನೀರನ್ನು ಕೆರೆಗೇ ಮರಳಿಸುವ ಮಾತು ಅದರಲ್ಲಿದೆಯೆಂದೂ ಹೇಳಿದೆ. ಅವರು ಅಲ್ಲಿಯೇ ಪುಸ್ತಕದ ಅಂಚಿನಲ್ಲಿ ಬರೆದುಕೊಂಡರು. ಮುಂದೆ ಅವರ ಕೋರಿಕೆಯ ಮೇಲೆ ಭೀಮಸೇನ ಜೋಶಿಯವರ ದಾಸವಾಣಿಯನ್ನೂ ಮಲ್ಲಿಕಾರ್ಜುನ ಮನ್ಸೂರರ ವಚನಗಾಯನವನ್ನೂ ಕೇಳಿಸಿದೆ. ಜೋಶಿಯವರನ್ನು ಅವರು ಆಗಲೇ ಬಲ್ಲರು. ಮನ್ಸೂರರು ಹೊಸಬರು. ಎರಡು ಸಲ ಕೇಳಿದ ಮೇಲೆ, ಈ ವಿದ್ವಾಂಸರು ಹಾಡುವುದು ಸಭೆಗಲ್ಲ, ತಮ್ಮ ಪಕ್ಕದಲ್ಲಿ ಕುಳಿತ ಯಾರಿಗೋ ಎಂದರು. ‘ನನ್ನ ರಸಯಾತ್ರೆ’ ಓದಿದ್ದ ನನಗೆ ಇಷ್ಟು ನಿಖರವಾದ ಮಾತು ಹೊಳೆದಿರಲಿಲ್ಲ.

ದೂರದರ್ಶನದ ಬಗೆಗೆ ಹೆಚ್ಚು ಹೇಳುವುದಿಲ್ಲ. ಇಲ್ಲಿನ ನಡುವಯಸ್ಸಿನವರೆಲ್ಲ ‘ಮಾಲ್ಗುಡಿ ಡೇಸ್’ ನೋಡಿದವರೇ. ಅದನ್ನು ನಿರ್ದೇಶಿಸಿದ ಶಂಕರನಾಗ್ ಕನ್ನಡದವರು, ಆ ಬೀದಿ ಇರುವುದು ಆಗುಂಬೆಯಲ್ಲಿ ಎಂದರೆ ಕಣ್ಣರಳಿಸುತ್ತಾರೆ. ಮೂಕಾಂಬಿಕೆಗೆಂದು ಕೊಲ್ಲೂರಿಗೆ ಹೊರಡುವ ನಾಲ್ಕು ಕುಟುಂಬಗಳಿಗೆ ಆಗುಂಬೆಯನ್ನೂ ನೋಡಿಬರಲು ಹೇಳಿದ್ದೇನೆ. ಅಷ್ಟು ಸಾಕು.

ಮತ್ತೆ ಆ ಎರಡು ಬೀರುಗಳ ವಿಷಯ. ಸಭೆಯ ಮರುದಿನ ಬೀಗ ತೆಗೆಸಿ ಒಳಗಿದ್ದ ಎರವಲು ಪುಸ್ತಕವನ್ನು ಮನೆಗೆ ತಂದೆ. ಯಾರು, ಯಾವಾಗ, ಯಾವುದನ್ನು ಒಯ್ದರೆಂದು ಬರೆಯುವ ಉದ್ದನೆಯ ರೂಲು ಪುಸ್ತಕ. ಹಳೆಯ ಪುಟಗಳನ್ನು ಓದಲು ಕುಳಿತವನು ಮಧ್ಯರಾತ್ರಿಯವರೆಗೆ ಏಳಲಿಲ್ಲ. 1997ರ ಒಂದು ಮಳೆಗಾಲದಲ್ಲಿ ಭೈರಪ್ಪನವರ ‘ಗೃಹಭಂಗ’ ಒಂದೇ ವಸತಿಗೃಹ ಸಮುಚ್ಚಯದ ಆರು ಮನೆಗಳಿಗೆ ಸಾಲಾಗಿ ಹೋಗಿದೆ. ಒಬ್ಬರು ಹಿಂದಿರುಗಿಸಿದ ದಿನವೇ ಇನ್ನೊಬ್ಬರ ಸಹಿ. ಬಾವಿಕಟ್ಟೆಯಲ್ಲೋ ತರಕಾರಿಯವನ ಗಾಡಿಯ ಬಳಿಯೋ ಒಬ್ಬಾಕೆ ಇನ್ನೊಬ್ಬಾಕೆಗೆ ಹೇಳಿದ್ದಾಳೆ. ನಂಜಮ್ಮನಿಗಾಗಿ ಆರು ಮನೆಗಳ ಹೆಂಗಸರು ಅತ್ತಿದ್ದಾರೆ. ತ್ರಿವೇಣಿಯವರ ‘ಶರಪಂಜರ’ ಹಾಗೆಯೇ ಸುತ್ತಿದೆ. ತೇಜಸ್ವಿಯವರ ‘ಕರ್ವಾಲೊ’ ಒಬ್ಬ ಹುಡುಗನ ಹೆಸರಿನಲ್ಲಿ ಮೂರು ಸಲ ಕಾಣುತ್ತದೆ. ಆ ವರ್ಷಗಳಲ್ಲಿ ಯಾವ ಸಮಿತಿಯೂ ಪಟ್ಟಿ ಮಾಡಿರಲಿಲ್ಲ. ಕೊನೆಯ ನಮೂದು 2016ರದು. ಮುಂದಿನ ಪುಟಗಳು ಖಾಲಿ.

ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರೆಂದು ಹಿರಿಯರು ಹೇಳುತ್ತಿದ್ದರು. ನಮಗೆ ಅಷ್ಟು ಭಾರ ಹೊರುವ ಅಗತ್ಯವಿಲ್ಲ. ಒಂದು ಪುಸ್ತಕ, ಒಬ್ಬ ನೆರೆಯವರು, ಆಮೇಲೆ ‘ಹೇಗಿತ್ತು?’ ಎಂಬ ಒಂದು ವಿಚಾರಣೆ ಸಾಕು. ಹೇಗಿತ್ತೆಂದು ಕೇಳದ ಶಿಫಾರಸಿನಲ್ಲಿ ನನಗೆ ನಂಬಿಕೆಯಿಲ್ಲ. ಆ ಅಜ್ಜ ಮಗಳಿಂದ ಕಥೆ ಹೇಳಿಸಿಕೊಂಡೇ ಮುಂದಿನ ಪುಸ್ತಕ ಕೊಟ್ಟದ್ದು.

ಸಮಿತಿ ಹೊಳಪು ಕಾಗದದ ಪಟ್ಟಿಯನ್ನು ಸದ್ಯಕ್ಕೆ ತಡೆಹಿಡಿದಿದೆ. ಬದಲಾಗಿ ಮುಂದಿನ ಸಂಚಿಕೆಯಿಂದ ಎರಡು ಪುಟಗಳನ್ನು ಓದುಗರಿಗೆ ಮೀಸಲಿಡುತ್ತೇವೆ. ಪುಸ್ತಕವಾಗಲಿ, ಚಿತ್ರವಾಗಲಿ, ಹಾಡಾಗಲಿ, ಒಂದೇ ಒಂದನ್ನು ಕುರಿತು ಬರೆಯಿರಿ. ತಾವು ಪೂರ್ತಿ ಓದಿದ್ದು, ನೋಡಿದ್ದು, ಕೇಳಿದ್ದು ಆಗಿರಬೇಕು. ಪ್ರಶಸ್ತಿಗಳ ವಿವರ ಬೇಡ. ಯಾರಿಗಾಗಿ ಹೇಳುತ್ತಿದ್ದೀರೆಂದು ತಿಳಿಸಿ: ಹೊಸದಾಗಿ ವರ್ಗವಾಗಿ ಬಂದವರಿಗೋ, ಲಿಪಿ ಬಾರದ ಮಕ್ಕಳಿಗೋ, ಪಕ್ಕದ ಮನೆಯ ಮಲಯಾಳಿಗೋ. ಮಲಯಾಳದಿಂದ ತಾವು ಪಡೆದದ್ದನ್ನೂ ಬರೆಯಬಹುದು. ಅದಕ್ಕೆ ಮುನಿಯುವವರ ಪತ್ರಗಳನ್ನೂ ಪ್ರಕಟಿಸುತ್ತೇವೆ.

ಬೀರುಗಳು ಸದ್ಯ ನನ್ನ ಮನೆಯ ಮುಂದಿನ ಕೋಣೆಗೆ ಬಂದಿವೆ. ಒಂದರ ಬಾಗಿಲು ತುಕ್ಕು ಹಿಡಿದು ಕಿರುಗುಟ್ಟುತ್ತದೆ, ಸ್ವಲ್ಪ ಎತ್ತಿ ಎಳೆಯಬೇಕು. ಭಾನುವಾರ ಬೆಳಗ್ಗೆ ಹತ್ತರಿಂದ ಹನ್ನೆರಡರವರೆಗೆ ಯಾರು ಬೇಕಾದರೂ ಬರಬಹುದು. ಎರವಲು ಪುಸ್ತಕದ ಹೊಸ ಪುಟದಲ್ಲಿ ಈಗಾಗಲೇ ಒಂದು ಹೆಸರು ಬಿದ್ದಿದೆ. ಕಳೆದ ತಿಂಗಳು ಹುಬ್ಬಳ್ಳಿಯಿಂದ ಬಂದ ಬ್ಯಾಂಕಿನ ಹುಡುಗಿಯೊಬ್ಬಳು ‘ಚಿರಸ್ಮರಣೆ’ಯನ್ನು ಒಯ್ದಿದ್ದಾಳೆ. ಅದು ನನ್ನ ಸ್ವಂತದ ಹಳೆಯ ಪ್ರತಿ. ಕೊನೆಯ ಹದಿನಾರು ಪುಟಗಳು ಹೊಲಿಗೆ ಬಿಚ್ಚಿ ಸಡಿಲವಾಗಿವೆ. ಮುಂದೆ ಒಯ್ಯುವವರು ದಯವಿಟ್ಟು ರಬ್ಬರ್ ಬ್ಯಾಂಡ್ ಹಾಕಿಯೇ ಹಿಂದಿರುಗಿಸಬೇಕು.

— ಸಂಪಾದಕ